ಕಪ್ಪು ದ್ರಾಕ್ಷಿಯಿಂದ ಬಿಳಿ ವೈನ್: ಕುಯ್ಲಿನ ಬಗ್ಗೆ ಒಂದು ಪಾಠ

ಒಂದೇ ಮರದ ಅಡಿಕೆಯಿಂದ ಕೆಂಪಡಿಕೆಯೂ ಆಗುತ್ತದೆ, ಚಾಲಿಯೂ ಆಗುತ್ತದೆ. ಎಳೆಯದನ್ನು ಸುಲಿದು ಚೊಗರಿನಲ್ಲಿ ಬೇಯಿಸಿದರೆ ಕೆಂಪು. ಹಣ್ಣಡಿಕೆಯನ್ನು ಬಿಸಿಲಿಗೆ ಒಣಗಿಸಿ ಸುಲಿದರೆ ಬಿಳಿ. ಇದು ನಮಗೆ ಹೊಸದಲ್ಲ. ಆದರೆ ಕಪ್ಪು ದ್ರಾಕ್ಷಿಯಿಂದ ಬಿಳಿ ವೈನ್ ಆಗುತ್ತದೆಂದರೆ ಅನೇಕ ಸದಸ್ಯರು ನಂಬಲಾರರು. ಮದ್ಯದ ಪ್ರಚಾರ ನಮ್ಮ ಉದ್ದೇಶವಲ್ಲ. ಆ ಕೆಲಸದ ಕ್ರಮದಲ್ಲಿ ಸಣ್ಣ ಬೆಳೆಗಾರರಿಗೊಂದು ಪಾಠವಿದೆ ಎಂದು ಇಲ್ಲಿ ಬರೆಯುತ್ತಿದ್ದೇವೆ.

ಫ್ರಾನ್ಸ್ ದೇಶದ ಷಾಂಪೇನ್ ಪ್ರಾಂತದಲ್ಲಿ ಸುಮಾರು 16,000 ಬೆಳೆಗಾರರಿದ್ದಾರೆ. ಒಂದೊಂದು ಕುಟುಂಬಕ್ಕೆ ಸರಾಸರಿ ಐದು ಎಕರೆಯಷ್ಟೇ ತೋಟ. ಅಲ್ಲಿನ ಬಳ್ಳಿಗಳಲ್ಲಿ ಮೂರನೇ ಎರಡು ಪಾಲಿನಷ್ಟು ಪಿನೋ ನ್ವಾರ್ ಮತ್ತು ಮ್ಯೂನಿಯೇ ಎಂಬ ಕಪ್ಪು ತಳಿಗಳು. ಆದರೂ ಅಲ್ಲಿ ತಯಾರಾಗುವುದು ಬಹುಪಾಲು ಬಿಳಿ ವೈನ್.

ಗುಟ್ಟು ಇಷ್ಟೆ: ಈ ಹಣ್ಣಿನ ಬಣ್ಣವೆಲ್ಲ ಸಿಪ್ಪೆಯಲ್ಲಿದೆ, ಒಳಗಿನ ರಸಕ್ಕೆ ಬಣ್ಣವಿಲ್ಲ. ಕೆಂಪು ವೈನ್ ಬೇಕಾದರೆ ಹಣ್ಣನ್ನು ಜಜ್ಜಿ, ಸಿಪ್ಪೆಯೊಡನೆ ರಸವನ್ನು ಹಲವು ದಿನ ಹುಳಿಯಲು ಬಿಡುತ್ತಾರೆ. ಬಿಳಿ ಬೇಕಾದರೆ ಸಿಪ್ಪೆಯ ಸಹವಾಸ ಕೂಡದು. ಅದಕ್ಕಾಗಿ ಅಲ್ಲಿ ಕುಯ್ಲೆಲ್ಲ ಕೈಯಿಂದಲೇ, ಯಂತ್ರಕ್ಕೆ ಅವಕಾಶವಿಲ್ಲ. ಗೊಂಚಲು ಒಡೆಯದಂತೆ, ತಳದಲ್ಲಿ ತೂತುಗಳಿರುವ ಬುಟ್ಟಿಗಳಲ್ಲಿ ತುಂಬಿ, ಹತ್ತಿರದ ಗಾಣಕ್ಕೆ ಬೇಗ ಸಾಗಿಸುತ್ತಾರೆ. ತೊಟ್ಟು ಬಿಡಿಸದೆ ಇಡೀ ಗೊಂಚಲನ್ನೇ ಗಾಣಕ್ಕೆ ಹಾಕುತ್ತಾರೆ. ತೊಟ್ಟಿನ ಸಂದುಗಳಿಂದ ರಸ ಸರಾಗವಾಗಿ ಇಳಿಯುತ್ತದೆ.

ಹಿಂಡುವುದಕ್ಕೂ ಮಿತಿಯುಂಟು. 4,000 ಕಿಲೋ ಹಣ್ಣಿಗೆ 2,550 ಲೀಟರ್ ರಸ ಮಾತ್ರ. ಮೊದಲ 2,050 ಲೀಟರ್ ಉತ್ತಮ ದರ್ಜೆ, ಮುಂದಿನ 500 ಲೀಟರ್ ಎರಡನೆಯ ದರ್ಜೆ. ಅದಕ್ಕೂ ಮೀರಿ ಹಿಂಡಿದ್ದು ಷಾಂಪೇನ್ ಹೆಸರಿನಲ್ಲಿ ಮಾರಾಟವಾಗುವಂತಿಲ್ಲ. ಹೆಚ್ಚು ಹಿಂಡಿದಷ್ಟೂ ಬಣ್ಣವೂ ಒಗರೂ ಇಳಿಯುತ್ತವೆ.

ಈ ಶಿಸ್ತು ತಾನಾಗಿ ಬಂದುದಲ್ಲ. 1910ರಲ್ಲಿ ಹವೆ ಕೆಟ್ಟು ಬೆಳೆ ಹಾಳಾಯಿತು. ವರ್ತಕರು ಹೊರಗಿನ ದ್ರಾಕ್ಷಿ ತಂದು ಷಾಂಪೇನ್ ಹೆಸರಿನಲ್ಲಿ ಮಾರುತ್ತಿದ್ದಾರೆಂದು ಬೆಳೆಗಾರರು ಸಿಟ್ಟಿಗೆದ್ದರು. 1911ರಲ್ಲಿ ಆಯ್ ಎಂಬ ಊರಿನಲ್ಲಿ ವರ್ತಕರ ಕಟ್ಟಡಗಳಿಗೆ ಬೆಂಕಿ ಬಿತ್ತು. ಬೆಂಕಿಯಿಂದ ದರ ಏರಲಿಲ್ಲ. ಮುಂದೆ ಸಹಕಾರ ಸಂಘಗಳು ಹುಟ್ಟಿ, ಸ್ವಂತ ಗಾಣವಿಲ್ಲದ ಸಣ್ಣವರಿಗೂ ಆಧಾರವಾದವು. 1941ರಲ್ಲಿ ಬೆಳೆಗಾರರೂ ವರ್ತಕರೂ ಸೇರಿದ ಜಂಟಿ ಸಮಿತಿ ರಚನೆಯಾಯಿತು.

ಇನ್ನು ನಮ್ಮ ಮಾತು. ಕೆಲವು ವರ್ಷಗಳ ಹಿಂದೆ, ಶನಿವಾರ ಕುಯ್ದ ಕಾಫಿ ಹಣ್ಣನ್ನು ಆಳು ಸಾಲದೆಂದು ಗೋಣಿಚೀಲದಲ್ಲೇ ಬಿಟ್ಟು ಸೋಮವಾರ ಪಲ್ಪರ್‌ಗೆ ಹಾಕಿದೆವು. ಪಾರ್ಚ್‌ಮೆಂಟ್ ನೋಡಲು ಚೆನ್ನಾಗಿಯೇ ಇತ್ತು. ರುಚಿ ನೋಡಿದವರು ಹುಳಿ ವಾಸನೆಯೆಂದು ದರ ಇಳಿಸಿದರು. ವಾದಿಸಲು ನಮಗೆ ಮುಖವಿರಲಿಲ್ಲ. ವರ್ಷದ ದುಡಿಮೆಯನ್ನು ಎರಡು ರಾತ್ರಿ ತಿಂದುಹಾಕಿತ್ತು.

ಆದುದರಿಂದ ಬರುವ ಕುಯ್ಲಿಗೆ ಸದಸ್ಯರು ಗಮನಿಸಬೇಕಾದುವು:

1. ಪಾರ್ಚ್‌ಮೆಂಟಿಗೆ ಚೆನ್ನಾಗಿ ಹಣ್ಣಾದುದನ್ನು ಮಾತ್ರ ಆರಿಸಿ. ಕಾಯಿ, ಒಣಗಿದ್ದು ಚೆರ್ರಿಗೆ ಹೋಗಲಿ.

2. ಕುಯ್ದ ದಿನವೇ ಪಲ್ಪಿಂಗ್ ಆಗಲಿ. ಚೀಲವನ್ನು ಬಿಸಿಲಲ್ಲಿಡಬೇಡಿ, ಒತ್ತೊತ್ತಾಗಿ ಪೇರಿಸಬೇಡಿ.

3. ಪಲ್ಪರ್ ಇಲ್ಲದವರು ಅಕ್ಕಪಕ್ಕದವರೊಡನೆ ಸೇರಿ ಒಂದೇ ಜೀಪಿನಲ್ಲಿ ಸಂಜೆಯೊಳಗೆ ಸಂಘಕ್ಕೆ ಹಣ್ಣು ತಲುಪಿಸಿ.

4. ಮರುದಿನ ತಂದ ಹಣ್ಣನ್ನು ಬೇರೆಯಾಗಿಯೇ ಇಡಬೇಕಾಗುತ್ತದೆ. ಒಬ್ಬರ ಒಂದು ಚೀಲ ಹತ್ತು ಮಂದಿಯ ಮಾಲನ್ನು ಕೆಡಿಸಬಾರದು, ಯಾರೂ ಬೇಸರಿಸಬಾರದು.

ಮಳೆಯೂ ಮಾರುಕಟ್ಟೆಯೂ ನಮ್ಮ ಕೈಯಲ್ಲಿಲ್ಲ. ಕುಯ್ಲಿನಿಂದ ಕಣದವರೆಗಿನ ಹೊತ್ತು ಮಾತ್ರ ನಮ್ಮ ಕೈಯಲ್ಲಿದೆ.