ಜನ ಬಂದರೆ ಬೆಲೆಯೂ ಏರೀತೇ?

ಪ್ರಶ್ನೆ: ಬೆಂಗಳೂರಿಗೆ ವಲಸೆ ನಿಲ್ಲುವುದಿಲ್ಲ. ಸಾಲ ಮಾಡಿ ಸರ್ಜಾಪುರ ರಸ್ತೆಯಲ್ಲಿ ಫ್ಲ್ಯಾಟ್ ಕೊಂಡು ಬಾಡಿಗೆಗೆ ಕೊಡಲೇ?

ಉತ್ತರ: ವಲಸೆಯ ಬಗ್ಗೆ ನಿಮ್ಮ ಎಣಿಕೆ ಸರಿ. 2001ರಲ್ಲಿ ಸುಮಾರು 65 ಲಕ್ಷವಿದ್ದ ಬೆಂಗಳೂರು ನಗರ ಜಿಲ್ಲೆಯ ಜನಸಂಖ್ಯೆ 2011ಕ್ಕೆ 96 ಲಕ್ಷ ದಾಟಿತು. ಆದರೆ ಹೊಸಬರು ಮೊದಲು ಹುಡುಕುವುದು ಬಾಡಿಗೆ ಮನೆ. ವಲಸೆಯ ಬಿಸಿ ಮೊದಲು ತಟ್ಟುವುದೂ ಬಾಡಿಗೆಗೇ. 2020ರಲ್ಲಿ ಕೋವಿಡ್‌ನಿಂದ ಕಚೇರಿಗಳು ಮುಚ್ಚಿ ಐಟಿ ನೌಕರರು ಊರಿಗೆ ಮರಳಿದಾಗ ಮನೆಗಳು ಖಾಲಿ ಬಿದ್ದವು. ಕಚೇರಿಗಳು ತೆರೆದ ಮೇಲೆ, 2022–23ರಲ್ಲಿ, ಬಾಡಿಗೆ ಜಿಗಿಯಿತು. ಬಾಡಿಗೆಯ ಹಿಂದೆಯೇ ಬೆಲೆಯೂ ಏರದೇ ಎನ್ನುವಿರಿ. ಏರುತ್ತದೆ, ನಿಜ. ಆದರೆ ನಗರದಂಚಿನ ಹೊಲಗಳು ಅಪಾರ್ಟ್‌ಮೆಂಟುಗಳಾಗುತ್ತಿರುವಷ್ಟು ಕಾಲ ಹೊಸ ಪೂರೈಕೆ ಆ ಏರಿಕೆಗೆ ಕಡಿವಾಣ ಹಾಕುತ್ತದೆ. ವರ್ಷದ ಬಾಡಿಗೆ ಬಡ್ಡಿಯ ಅರ್ಧವನ್ನೂ ತುಂಬದಿದ್ದರೆ ಕೊಳ್ಳಬೇಡಿ. ಸ್ವಂತ ವಾಸಕ್ಕಾದರೆ ಲೆಕ್ಕ ಬೇರೆ: ಕಾವೇರಿ ನೀರು, ಖಾತೆ, ಕಚೇರಿಯ ದೂರ ನೋಡಿ ನಿರ್ಧರಿಸಿ.