ಗೆಲ್ಲಬೇಕಿಲ್ಲದ ಆಟಕ್ಕೆ ಎಷ್ಟು ದುಡ್ಡು?

ಐವತ್ತು ಸಾವಿರ ರೂಪಾಯಿ ದಾಟಿದ ಗೇಮ್ ಕನ್ಸೋಲ್ ತಂದು, ಅದರಲ್ಲಿ ಐನೂರು ರೂಪಾಯಿಯ ಆಟವನ್ನೇ ವರ್ಷಗಟ್ಟಲೆ ಆಡುವ ಮನೆಗಳಿವೆ. ಆಟವೂ ಒಳ್ಳೆಯದೇ, ಯಂತ್ರವೂ ಒಳ್ಳೆಯದೇ. ಆ ಆಟಕ್ಕೆ ಆ ಯಂತ್ರ ಬೇಕಿರಲಿಲ್ಲ, ಅಷ್ಟೆ. ಹೊಲ ಉಳುವ, ಮನೆ ಕಟ್ಟುವ, ದ್ವೀಪ ಸಿಂಗರಿಸುವ ಆಟಗಳಿವೆಯಲ್ಲ, ಯಾರನ್ನೂ ಸೋಲಿಸಬೇಕಿಲ್ಲದ, ಮುಗಿಸಲೇಬೇಕೆಂಬ ಅವಸರವಿಲ್ಲದ ಆಟಗಳು, ಅವನ್ನು ಇಷ್ಟಪಡುವವರು ಕನ್ಸೋಲ್ ಕೊಳ್ಳುವಾಗ ಹಾಕಬೇಕಾದ ಲೆಕ್ಕವೇ ಬೇರೆ.

ಈ ಅಂಕಣಕಾರ್ತಿಯ ಊರು ಹೊನ್ನಾವರ. ಈಗಿನ ಮನೆ ವಿಶಾಖಪಟ್ಟಣದ ಋಷಿಕೊಂಡದಲ್ಲಿ. ಪತಿಗೆ ಅಲ್ಲಿನ ಐಟಿ ಗುಡ್ಡದ ಮೇಲೆ ಕೆಲಸ. 2020ರ ಅಕ್ಟೋಬರ್‌ನಲ್ಲಿ ದೇಶದ ಎಂಟು ಕಡಲತೀರಗಳಿಗೆ ಒಟ್ಟಿಗೇ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಾಗ ಆ ಪಟ್ಟಿಯಲ್ಲಿ ಹೊನ್ನಾವರದ ಕಾಸರಕೋಡೂ ಇತ್ತು, ಋಷಿಕೊಂಡವೂ ಇತ್ತು. ಉಪ್ಪುಗಾಳಿಯಂತೂ ಎರಡೂ ಕಡೆ ಒಂದೇ. ಎಲೆಕ್ಟ್ರಾನಿಕ್ ಸಾಮಾನಿಗೆ ದುಡ್ಡು ಹಾಕುವಾಗ ರಿಪೇರಿ ಎಲ್ಲಿ ಸಿಗುತ್ತದೆ ಎಂದು ಮೊದಲು ವಿಚಾರಿಸುವುದು ಕಡಲಂಚಿನವರಿಗೆ ಹುಟ್ಟುಗುಣ.

2024ರ ಬೇಸಿಗೆಯಲ್ಲಿ ಆ ಮನೆಯಲ್ಲಿ ಕನ್ಸೋಲ್ ಮಾತು ಎದ್ದಿತು. ಆರನೇ ತರಗತಿಯ ಮಗಳಿಗೆ ಅಪ್ಪನ ಲ್ಯಾಪ್‌ಟಾಪಿನಲ್ಲಿ ಮೈನ್‌ಕ್ರಾಫ್ಟ್ ಮನೆ ಕಟ್ಟುವ ಹುಚ್ಚು. ಅಮ್ಮನಿಗೆ ಫೋನಿನಲ್ಲಿ ಸ್ಟಾರ್ಡ್ಯೂ ವ್ಯಾಲಿ. ಇಬ್ಬರೂ ಒಂದೇ ಟಿವಿ ಮುಂದೆ ಕೂತು ಆಡಬೇಕೆಂಬುದು ಆಸೆ. ವಿಜಯವಾಡದಲ್ಲಿರುವ ತಮ್ಮನ ಮನೆಯಲ್ಲಿ ಪ್ಲೇಸ್ಟೇಷನ್ 5, ಅಂದರೆ ಪಿಎಸ್5 ಇದೆ. ಅದನ್ನೇ ತರುವುದೆಂದು ಎಲ್ಲರೂ ಬಗೆದಿದ್ದರು. ಬೇಡವೆಂದವನು ಅವನೇ. ‘ಅಕ್ಕಾ, ನೀವು ಮೂರು ವರ್ಷ ಆಡೋ ಆಟ ಯಾವುದು ಅಂತ ಮೊದ್ಲು ಬರ್ಕೊ. ಯಂತ್ರ ಆಮೇಲೆ ನೋಡ್ವ’ ಎಂದ. ಈ ವಿಷಯದಲ್ಲಿ ಇದಕ್ಕಿಂತ ಉಪಯುಕ್ತವಾದ ಮಾತನ್ನು ಯಾವ ಅಂಗಡಿಯವರೂ ಹೇಳಲಿಲ್ಲ.

ಬರೆದುಕೊಂಡಾಗ ಪಟ್ಟಿ ಮೂರು ಹೆಸರಿಗೆ ನಿಂತಿತು. ಮೊದಲನೆಯದು ಸ್ಟಾರ್ಡ್ಯೂ ವ್ಯಾಲಿ. ಅಮೆರಿಕದ ಎರಿಕ್ ಬ್ಯಾರೋನ್ ಒಬ್ಬರೇ ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಕೂತು ಚಿತ್ರ, ಸಂಗೀತ, ಕೋಡ್ ಎಲ್ಲವನ್ನೂ ಮಾಡಿ 2016ರ ಫೆಬ್ರವರಿಯಲ್ಲಿ ಹೊರತಂದ ಆಟ ಅದು. ಅಜ್ಜ ಬಿಟ್ಟುಹೋದ ಪಾಳುಬಿದ್ದ ಹೊಲಕ್ಕೆ ಬಂದು ಕಳೆ ಕಿತ್ತು, ಬೀಜ ಬಿತ್ತಿ, ಊರಿನವರ ಪರಿಚಯ ಮಾಡಿಕೊಳ್ಳುತ್ತ ಹೋಗುವುದೇ ಅದರ ಕಥೆ. 2024ರ ಕೊನೆಗೆ 4 ಕೋಟಿಗೂ ಹೆಚ್ಚು ಪ್ರತಿಗಳು ಮಾರಾಟವಾಗಿದ್ದವು. ಹೊಸ ಅಪ್‌ಡೇಟ್‌ಗಳಿಗೆ ಎಂದೂ ಹಣ ಕೇಳುವುದಿಲ್ಲವೆಂದು ಬ್ಯಾರೋನ್ 2024ರಲ್ಲಿ ಸಾರ್ವಜನಿಕವಾಗಿ ಮಾತು ಕೊಟ್ಟಿದ್ದಾರೆ; ಆ ವರ್ಷ ಬಂದ ದೊಡ್ಡ ಅಪ್‌ಡೇಟ್ ಉಚಿತವೇ ಆಗಿತ್ತು. ಎರಡನೆಯದು ಮೈನ್‌ಕ್ರಾಫ್ಟ್, 2011ರ ಆಟ, 2014ರಲ್ಲಿ ಅದರ ಕಂಪನಿಯನ್ನು ಮೈಕ್ರೋಸಾಫ್ಟ್ 250 ಕೋಟಿ ಡಾಲರಿಗೆ ಕೊಂಡಿತು. ಮೂರನೆಯದು ದ್ವೀಪ ಸಿಂಗರಿಸುವ ಆ್ಯನಿಮಲ್ ಕ್ರಾಸಿಂಗ್: ನ್ಯೂ ಹೊರೈಜನ್ಸ್. 2020ರ ಮಾರ್ಚ್ 20ರಂದು, ಜಗತ್ತು ಬಾಗಿಲು ಹಾಕಿಕೊಳ್ಳುತ್ತಿದ್ದ ವಾರದಲ್ಲಿ ಬಂದದ್ದು.

ಮೊದಲೆರಡು ಆಟಗಳು ಯಾವ ಯಂತ್ರದಲ್ಲಾದರೂ ಓಡುತ್ತವೆ. ಅವಕ್ಕೆ ಶಕ್ತಿಶಾಲಿ ಗ್ರಾಫಿಕ್ಸ್ ಬೇಡ, ನೂರಾರು ಜಿಬಿ ಜಾಗ ಬೇಡ. ಸ್ಟಾರ್ಡ್ಯೂಗಂತೂ ತೀರಾ ಕಡಿಮೆ ಜಾಗ ಸಾಕು. ಮೂರನೆಯದು ಮಾತ್ರ ನಿಂಟೆಂಡೊ ಸ್ವಿಚ್‌ನಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲ. ತೊಡಕು ಶುರುವಾಗುವುದು ಇಲ್ಲಿ. 2017ರಲ್ಲಿ ಬಂದ ಸ್ವಿಚ್ ಅನ್ನು ನಿಂಟೆಂಡೊ ಭಾರತದಲ್ಲಿ ಅಧಿಕೃತವಾಗಿ ಬಿಡುಗಡೆ ಮಾಡಲಿಲ್ಲ. ಇಲ್ಲಿ ಸಿಗುವುದೆಲ್ಲ ಆಮದುದಾರರು ತಂದ ಮಾಲು.

ಅಧಿಕೃತವಾಗಿ ಸಿಗುವವುಗಳಲ್ಲಿ ವಿಚಾರಿಸಿದ್ದು ಎರಡು. ಪಿಎಸ್5ರ ಸ್ಲಿಮ್ ಮಾದರಿ 2024ರ ಏಪ್ರಿಲ್‌ನಲ್ಲಿ ಭಾರತಕ್ಕೆ ಬಂದಾಗ ಡಿಸ್ಕ್ ಇರುವುದಕ್ಕೆ 54,990, ಡಿಸ್ಕ್ ಇಲ್ಲದ್ದಕ್ಕೆ 44,990 ರೂಪಾಯಿ. ಎಕ್ಸ್‌ಬಾಕ್ಸ್ ಸೀರೀಸ್ ಎಸ್ 2020ರ ನವೆಂಬರ್‌ನಲ್ಲಿ 34,990ಕ್ಕೆ ಬಂತು; ವಿಶಾಖಪಟ್ಟಣದ ಅಂಗಡಿಗಳಲ್ಲಿ ಅದು ಸುಲಭಕ್ಕೆ ಸಿಗುವುದಿಲ್ಲ, ಆನ್‌ಲೈನ್‌ನಲ್ಲಿ ಹುಡುಕಬೇಕು. ಆಮದಾದ ಸ್ವಿಚ್‌ನ ಒಎಲ್ಇಡಿ ಮಾದರಿಗೆ ವಿಶಾಖಪಟ್ಟಣದ ದ್ವಾರಕಾನಗರದಿಂದ ಹಿಡಿದು ವಿಜಯವಾಡದ ಬೆಸೆಂಟ್ ರೋಡ್, ಬೆಂಗಳೂರು ಗಾಂಧಿನಗರದ ನ್ಯಾಷನಲ್ ಮಾರ್ಕೆಟ್‌ವರೆಗೆ ವಿಚಾರಿಸಿದಾಗ ಬಿಲ್ ಸಹಿತ 31 ಸಾವಿರದ ಆಸುಪಾಸು ಹೇಳಿದರು. ಒಂದು ಅಂಗಡಿಯಲ್ಲಿ ಮಾತ್ರ ಬಿಲ್ ಇಲ್ಲದೆ 24 ಸಾವಿರ.

ಏಳು ಸಾವಿರ ಉಳಿಯುತ್ತದೆಂದರೆ ಯಾರಿಗಾದರೂ ಮನಸ್ಸು ಜಾರುತ್ತದೆ. ಆದರೆ ಲೆಕ್ಕ ಹಾಕಿದರೆ ಆ 24 ಸಾವಿರದ ಹಿಂದೇನಿದೆ ಎಂಬುದು ಗೊತ್ತಾಗುತ್ತದೆ. 2024ರಲ್ಲಿ ಜಪಾನಿನಲ್ಲಿ ಸ್ವಿಚ್ ಒಎಲ್ಇಡಿಯ ಬೆಲೆ ತೆರಿಗೆ ಸೇರಿ 37,980 ಯೆನ್ ಇತ್ತು. ಅಲ್ಲಿನ 10% ತೆರಿಗೆ ಕಳೆದರೆ ಸುಮಾರು 34,500 ಯೆನ್. ಆಗ 100 ಯೆನ್‌ಗೆ 54 ರೂಪಾಯಿಯಂತೆ ಹಿಡಿದರೆ 18,600 ರೂಪಾಯಿ. ವಿಡಿಯೊ ಗೇಮ್ ಕನ್ಸೋಲ್ ಮೇಲಿನ ಆಮದು ಸುಂಕವನ್ನು 2018ರ ಬಜೆಟ್ 10%ರಿಂದ 20%ಕ್ಕೆ ಏರಿಸಿತು. ಆ ಸುಂಕದ ಮೇಲೆ 10% ಸಮಾಜ ಕಲ್ಯಾಣ ಸರ್‌ಚಾರ್ಜ್. ಎಲ್ಲ ಸೇರಿದ ಮೊತ್ತದ ಮೇಲೆ 18% ಜಿಎಸ್‌ಟಿ. 2018ರವರೆಗೆ ಇದು 28% ಇತ್ತು, 2019ರ ಜನವರಿಯಿಂದ ಇಳಿಯಿತು. ಇಷ್ಟನ್ನೂ ಕೂಡಿಸಿದರೆ ಹಡಗು ಬಾಡಿಗೆ, ಅಂಗಡಿಯ ಲಾಭ ಸೇರುವ ಮೊದಲೇ 26,800 ರೂಪಾಯಿ. ಹಾಗಾದರೆ 24 ಸಾವಿರಕ್ಕೆ ಹೊಸ ಪೆಟ್ಟಿಗೆ ಕೊಡುವವರು ಯಾವುದನ್ನು ಕಟ್ಟಿಲ್ಲ? ಸುಂಕ ಕಟ್ಟದ ಮಾಲಿಗೆ ಬಿಲ್ ಇರದು. ಬಿಲ್ ಇಲ್ಲದಿದ್ದರೆ ಅಂಗಡಿಯ ವಾರಂಟಿಗೆ ಆಧಾರವಿಲ್ಲ, ನಾಳೆ ಮಾರುವಾಗ ಬೆಲೆಯಿಲ್ಲ, ತಕರಾರು ಬಂದರೆ ಗ್ರಾಹಕರ ಆಯೋಗಕ್ಕೆ ತೋರಿಸಲು ಕಾಗದವಿಲ್ಲ. ಇದು ಬರೀ ಕಾನೂನಿನ ಮಾತಲ್ಲ, ದುಡ್ಡಿನ ಮಾತೂ ಹೌದು.

ಪೆಟ್ಟಿಗೆಯ ಬೆಲೆಗಿಂತ ಹೆಚ್ಚು ನೋಡಬೇಕಾದದ್ದು ಆಟಗಳ ಪಟ್ಟಿಗೆ ತಿಂಗಳು ತಿಂಗಳು ಕಟ್ಟುವ ಚಂದಾ. ಪ್ಲೇಸ್ಟೇಷನ್ ಪ್ಲಸ್ 2022ರಲ್ಲಿ ಮೂರು ಹಂತಗಳಲ್ಲಿ ಭಾರತಕ್ಕೆ ಬಂದಾಗ ಮಧ್ಯದ ಎಕ್ಸ್‌ಟ್ರಾ ಹಂತಕ್ಕೆ ತಿಂಗಳಿಗೆ 749 ರೂಪಾಯಿ. ಅದೇ ದರದಲ್ಲಿ ತಿಂಗಳು ತಿಂಗಳು ಕಟ್ಟುತ್ತ ಹೋದರೆ ಮೂರು ವರ್ಷಕ್ಕೆ 26,964. ಎಕ್ಸ್‌ಬಾಕ್ಸ್ ಗೇಮ್ ಪಾಸ್ ಅಲ್ಟಿಮೇಟ್ 2025ರ ಅಕ್ಟೋಬರ್‌ನಲ್ಲಿ ತಿಂಗಳಿಗೆ 1,389ಕ್ಕೆ ಏರಿತು. ಮೂರು ವರ್ಷಕ್ಕೆ 50,004 ರೂಪಾಯಿ. ಯಂತ್ರಕ್ಕೆ ಕೊಟ್ಟದ್ದಕ್ಕಿಂತ ಹೆಚ್ಚು!

ವಾರಕ್ಕೊಂದು ಹೊಸ ಆಟ ಹಿಡಿಯುವವರಿಗೆ ಈ ಚಂದಾ ಲಾಭದ್ದೇ. ಒಂದೇ ಹೊಲದಲ್ಲಿ ನೂರಾರು ಗಂಟೆ ಕಳೆಯುವವರಿಗಲ್ಲ. ಸ್ಟಾರ್ಡ್ಯೂ ವ್ಯಾಲಿ ಕಂಪ್ಯೂಟರಿನಲ್ಲಿ ಐನೂರು ರೂಪಾಯಿಯೊಳಗೆ ಸಿಗುತ್ತದೆ, ಸ್ವಿಚ್‌ನಲ್ಲಿ ಅಮೆರಿಕದ ಬೆಲೆ 14.99 ಡಾಲರ್. ಒಮ್ಮೆ ಕೊಟ್ಟರೆ ಮುಗಿಯಿತು. ಚಂದಾ ಪಟ್ಟಿಯಿಂದ ಆಟಗಳು ಬರುತ್ತವೆ, ಹೋಗುತ್ತವೆ. ಮೂರು ವರ್ಷ ಬೆಳೆಸಿದ ತೋಟವನ್ನು ಅದರ ಮೇಲೆ ನಂಬಿ ಬಿಡಲು ಅಂಕಣಕಾರ್ತಿಗೆ ಮನಸ್ಸು ಬರಲಿಲ್ಲ. ಇನ್ನೊಂದು ಪ್ರಸಂಗವೂ ಅವರ ಕಣ್ಣ ಮುಂದಿತ್ತು. ಆಟಗಾರರೇ ಚಿತ್ರ, ಸಂಗೀತ, ಆಟ ರಚಿಸುವ ‘ಡ್ರೀಮ್ಸ್’ 2020ರಲ್ಲಿ ಪ್ಲೇಸ್ಟೇಷನ್‌ಗೆ ಬಂದಾಗ ಸೃಜನಶೀಲ ಆಟಗಳಲ್ಲೇ ದೊಡ್ಡ ಪ್ರಯತ್ನ ಎನಿಸಿತ್ತು. 2023ರ ಸೆಪ್ಟೆಂಬರ್‌ಗೆ ಅದಕ್ಕೆ ಹೊಸ ಅಪ್‌ಡೇಟ್ ಕೊಡುವುದನ್ನು ನಿಲ್ಲಿಸಲಾಯಿತು. ನಾವು ಕಟ್ಟಿದ್ದು ನಮ್ಮ ಯಂತ್ರದಲ್ಲೇ ಉಳಿಯುತ್ತದೆಯೇ, ಕಂಪನಿಯ ಸರ್ವರಿನಲ್ಲಿ ಉಳಿಯುತ್ತದೆಯೇ ಎಂದು ಕೇಳಿಯೇ ಇಂಥ ಆಟ ಕೊಳ್ಳಬೇಕು.

ಕೊನೆಗೆ ಬಿಲ್ ಸಹಿತ ಸ್ವಿಚ್ ಒಎಲ್ಇಡಿಯೇ ಮನೆಗೆ ಬಂತು. ಯಂತ್ರ 31,000; ಆ್ಯನಿಮಲ್ ಕ್ರಾಸಿಂಗ್ ಕಾರ್ಟ್ರಿಜ್ ಸೆಕೆಂಡ್‌ಹ್ಯಾಂಡ್ 3,000; ಮೈನ್‌ಕ್ರಾಫ್ಟ್ 2,500; ಸ್ಟಾರ್ಡ್ಯೂ 1,250; ಗಾಜಿನ ಹೊದಿಕೆ ಮತ್ತು ಚೀಲ 1,000. ಒಟ್ಟು 38,750. ಅಡಾಪ್ಟರ್ 100ರಿಂದ 240 ವೋಲ್ಟ್‌ವರೆಗೂ ನಡೆಯುವುದರಿಂದ ಪ್ಲಗ್ಗಿನ ಆಕಾರಕ್ಕೊಂದು ಪಿನ್ ಸಾಕಾಯಿತು, ಟ್ರಾನ್ಸ್‌ಫಾರ್ಮರ್ ಬೇಕಾಗಲಿಲ್ಲ.

ಕರೆಂಟಿನ ಖರ್ಚನ್ನೂ ನೋಡಿದ್ದಾಯಿತು. ಪಿಎಸ್5 ದೊಡ್ಡ ಆಟ ಓಡಿಸುವಾಗ 200 ವ್ಯಾಟ್ ಆಸುಪಾಸು ಎಳೆಯುತ್ತದೆ, ಸಣ್ಣ ಆಟಕ್ಕೆ ಅದಕ್ಕಿಂತ ಸಾಕಷ್ಟು ಕಡಿಮೆ. ದಿನಕ್ಕೆರಡು ಗಂಟೆಯಂತೆ ವರ್ಷಕ್ಕೆ 146 ಯುನಿಟ್. ಆಂಧ್ರದ 2022ರ ದರಪಟ್ಟಿಯಲ್ಲಿ 126ರಿಂದ 225 ಯುನಿಟ್‌ವರೆಗಿನ ಸ್ಲ್ಯಾಬಿಗೆ 6 ರೂಪಾಯಿ. ಅಂದರೆ ಹೆಚ್ಚೆಂದರೆ ವರ್ಷಕ್ಕೆ 876. ಹತ್ತು ವ್ಯಾಟಿನ ಸುತ್ತಮುತ್ತ ನಡೆಯುವ ಸ್ವಿಚ್‌ಗೆ ಐವತ್ತು ರೂಪಾಯಿಯೂ ಆಗದು. ಈ ವ್ಯತ್ಯಾಸ ನೋಡಿ ಯಂತ್ರ ಆರಿಸಬೇಕಿಲ್ಲ. ಬ್ಯಾಟರಿ ಮಾತ್ರ ಬೇರೆ ವಿಷಯ. 2014ರ ಅಕ್ಟೋಬರ್ 12ರಂದು ಹುದ್‌ಹುದ್ ಚಂಡಮಾರುತ ವಿಶಾಖಪಟ್ಟಣಕ್ಕೆ ಅಪ್ಪಳಿಸಿ ದಿನಗಟ್ಟಲೆ ಕರೆಂಟ್ ಹೋದದ್ದನ್ನು ಇಲ್ಲಿಯವರು ಇನ್ನೂ ಹೇಳುತ್ತಾರೆ. ನಾಲ್ಕೂವರೆ ಗಂಟೆಯಿಂದ ಒಂಬತ್ತು ಗಂಟೆ ಕೈಯಲ್ಲೇ ನಡೆಯುವ ಯಂತ್ರ ಮಳೆಗಾಲದ ಸಂಜೆಗೂ ಆಗುತ್ತದೆ, ರತ್ನಾಚಲ್ ಎಕ್ಸ್‌ಪ್ರೆಸ್‌ನಲ್ಲಿ ವಿಜಯವಾಡಕ್ಕೆ ಹೋಗುವಾಗಲೂ ಆಗುತ್ತದೆ.

ಕೊಳ್ಳುವ ಮುಂಚೆ ಯಾರೂ ಹೇಳದ ಒಂದು ಸಂಗತಿ ಇದೆ, ಮಕ್ಕಳಿಬ್ಬರಿರುವ ಮನೆಯವರು ಇದನ್ನು ತಪ್ಪದೆ ತಿಳಿದಿರಬೇಕು. ಆ್ಯನಿಮಲ್ ಕ್ರಾಸಿಂಗ್‌ನಲ್ಲಿ ಒಂದು ಸ್ವಿಚ್‌ಗೆ ಒಂದೇ ದ್ವೀಪ. ಮನೆಯವರೆಲ್ಲ ಅದೇ ದ್ವೀಪದಲ್ಲಿ ಮನೆ ಮಾಡಿಕೊಳ್ಳಬಹುದು, ಆದರೆ ತನಗೇ ಸ್ವಂತ ದ್ವೀಪ ಬೇಕೆಂದು ಎರಡನೆಯ ಮಗು ಹಟ ಹಿಡಿದರೆ ಎರಡನೆಯ ಯಂತ್ರವೇ ದಾರಿ. ಸ್ಟಾರ್ಡ್ಯೂನಲ್ಲಿ ಹಾಗಿಲ್ಲ, 2021ರಿಂದ ಕನ್ಸೋಲ್‌ಗಳಲ್ಲೂ ಪರದೆ ಸೀಳಿ ಒಂದೇ ಹೊಲದಲ್ಲಿ ಇಬ್ಬರು ದುಡಿಯಬಹುದು. ಮೈನ್‌ಕ್ರಾಫ್ಟ್‌ನಲ್ಲಿ ಒಂದೇ ಟಿವಿಯಲ್ಲಿ ನಾಲ್ವರವರೆಗೆ ಆಡಬಹುದು. ಅದರೊಳಗಿನ ಮಾರ್ಕೆಟ್‌ಪ್ಲೇಸ್‌ನಲ್ಲಿ ಅಲಂಕಾರದ ಸಾಮಾನಿಗೆ ನಿಜವಾದ ಹಣ ಹೋಗುತ್ತದೆ, ಹಾಗಾಗಿ ಖರೀದಿಗೆ ಪಾಸ್‌ವರ್ಡ್ ಹಾಕಿಡುವುದು ಮೊದಲ ದಿನದ ಕೆಲಸ.

ಹಣಕಾಸು ಅಂಕಣ ಬರೆಯುವ ತಾಯಿಗೆ ಹೆಚ್ಚು ಹಿಡಿಸಿದ್ದು ಆ್ಯನಿಮಲ್ ಕ್ರಾಸಿಂಗ್ ದ್ವೀಪದ ಸಂತೆ. ಭಾನುವಾರ ಬೆಳಗ್ಗೆ ಹುಡುಗಿಯೊಬ್ಬಳು ಟರ್ನಿಪ್ ಗಡ್ಡೆ ಮಾರಲು ಬರುತ್ತಾಳೆ. ಸೋಮವಾರದಿಂದ ಅಂಗಡಿಯಲ್ಲಿ ಅದರ ದರ ದಿನಕ್ಕೆರಡು ಸಲ ಬದಲಾಗುತ್ತದೆ. ಮುಂದಿನ ಭಾನುವಾರದೊಳಗೆ ಮಾರದಿದ್ದರೆ ಗಡ್ಡೆ ಕೊಳೆಯುತ್ತದೆ. ಮಗಳು ದರ ಬರೆದಿಡಲು ಸ್ಕೂಲಿನ ಹಳೆಯ ನೋಟ್‌ಬುಕ್ ತೆಗೆದುಕೊಂಡಳು. ಮನೆ ಕಟ್ಟಲು ಅಲ್ಲಿ ಸಿಗುವ ಸಾಲಕ್ಕೆ ಬಡ್ಡಿಯೂ ಇಲ್ಲ, ಗಡುವೂ ಇಲ್ಲ. ಹೊರಗಿನ ಬ್ಯಾಂಕು ಹಾಗಲ್ಲವೆಂದು ವಿವರಿಸಲು ಅದೂ ಒಂದು ನೆಪವಾಯಿತು. 2020ರ ಏಪ್ರಿಲ್‌ನಲ್ಲಿ ಆಟದೊಳಗಿನ ಬ್ಯಾಂಕು ಉಳಿತಾಯದ ಬಡ್ಡಿ ಇಳಿಸಿದ್ದು ಲಂಡನ್ನಿನ ಫೈನಾನ್ಷಿಯಲ್ ಟೈಮ್ಸ್‌ನಲ್ಲೂ ಸುದ್ದಿಯಾಗಿತ್ತು. ಹನ್ನೊಂದರ ಹುಡುಗಿಗೆ ಬಡ್ಡಿದರ ಎಂದರೇನೆಂದು ಹೇಳಿಕೊಡಲು ಇದಕ್ಕಿಂತ ಸುಲಭದ ಉದಾಹರಣೆ ಅವರಿಗೆ ಸಿಕ್ಕಿಲ್ಲ.

ಸ್ವಿಚ್‌ನ ಕೊರತೆಯೂ ಗೊತ್ತಿರಲಿ. ಜಾಯ್-ಕಾನ್ ಎಂಬ ಅದರ ಕಂಟ್ರೋಲರ್‌ನಲ್ಲಿ ಕಡ್ಡಿ ತಾನಾಗಿ ಸರಿಯುವ ತೊಂದರೆ ಜಗತ್ತಿನಾದ್ಯಂತ ಕೇಳಿಬಂದು, 2020ರ ಜೂನ್‌ನಲ್ಲಿ ನಿಂಟೆಂಡೊ ಅಧ್ಯಕ್ಷ ಶುಂತಾರೊ ಫುರುಕಾವಾ ಕ್ಷಮೆ ಕೇಳಿದ್ದರು. ಹೊಸ ಜೋಡಿಗೆ ಆಗ ಅಮೆರಿಕದಲ್ಲೇ 79.99 ಡಾಲರ್ ಇತ್ತು. ಕಂಪನಿಯ ಸರ್ವಿಸ್ ಸೆಂಟರ್ ಇಲ್ಲದ ಊರಿನಲ್ಲಿ ಆ ಖರ್ಚು ಕೊಂಡವರದೇ. 2025ರ ಜೂನ್ 5ರಂದು ಅಮೆರಿಕದಲ್ಲಿ 449.99 ಡಾಲರಿಗೆ ಬಂದ ಸ್ವಿಚ್ 2ರಲ್ಲಿ ಹಳೆಯ ಆಟಗಳಲ್ಲಿ ಬಹುಪಾಲು ನಡೆಯುತ್ತವೆ. ಆದರೆ ಈ ಮೂರು ಆಟಗಳಿಗಾಗಿ ಅಷ್ಟು ಕೊಡುವ ಅಗತ್ಯ ಕಾಣುವುದಿಲ್ಲ.

ಆ್ಯನಿಮಲ್ ಕ್ರಾಸಿಂಗ್ ಬೇಕೇ ಬೇಕೆನ್ನುವವರಿಗೆ ಹಳೆಯ ಸ್ವಿಚ್ ಸರಿ. ಅದು ಬೇಡ, ಕಂಪನಿಯ ವಾರಂಟಿ ಬೇಕು ಎನ್ನುವವರಿಗೆ ಚಂದಾ ಇಲ್ಲದ ಸೀರೀಸ್ ಎಸ್ ಸಾಕು. ಬರೀ ಸ್ಟಾರ್ಡ್ಯೂ, ಮೈನ್‌ಕ್ರಾಫ್ಟ್ ಆಡುವವರು ಪಿಎಸ್5ಗೆ ದುಡ್ಡು ಹಾಕಬೇಕಿಲ್ಲ. ಮನೆಯಲ್ಲಿ ಲ್ಯಾಪ್‌ಟಾಪ್ ಇದ್ದರಂತೂ ಮೊದಲು ಒಂದೆರಡು ಸಾವಿರದ ಕಂಟ್ರೋಲರ್ ತಂದು, ಎಚ್‌ಡಿಎಂಐ ತಂತಿಯಿಂದ ಟಿವಿಗೆ ಜೋಡಿಸಿ, ಒಂದು ಬೇಸಿಗೆ ರಜೆ ಹಾಗೇ ಆಡಿ ನೋಡಿ. ಆಮೇಲೂ ಕನ್ಸೋಲ್ ಬೇಕೆನಿಸಿದರೆ, ಬಿಲ್ಲಿನಲ್ಲಿ ಅಂಗಡಿಯ ಜಿಎಸ್‌ಟಿ ಸಂಖ್ಯೆಯೂ ಯಂತ್ರದ ಸೀರಿಯಲ್ ಸಂಖ್ಯೆಯೂ ಇವೆಯೇ ಎಂದು ಓದಿಕೊಂಡು ದುಡ್ಡು ಕೊಡಿ.