ಬೆನ್ಯಾಮೀನ: ಒಂದು ಹೀಬ್ರೂ ಅಂಕಿತನಾಮದ ಅರ್ಥವಿಚಾರ

ಅಂಕಿತನಾಮಗಳ ಅಧ್ಯಯನದಲ್ಲಿ ಪದದ ನಿಷ್ಪತ್ತಿ ಬೇರೆ, ಹೆಸರಿಟ್ಟ ಸಂದರ್ಭವನ್ನು ಹೇಳುವ ಕಥೆ ಬೇರೆ. ಇವೆರಡನ್ನೂ ಒಂದೆಂದು ಭಾವಿಸಿದರೆ ಅರ್ಥನಿರ್ಣಯ ದಾರಿ ತಪ್ಪುತ್ತದೆ. ‘ಬೆನ್ಯಾಮೀನ’ ಎಂಬ ಹೀಬ್ರೂ ಹೆಸರು ಇದಕ್ಕೆ ಉತ್ತಮ ನಿದರ್ಶನ.

ಬೈಬಲಿನ ಆದಿಕಾಂಡದ 35ನೆಯ ಅಧ್ಯಾಯದಂತೆ, ಯಾಕೋಬನ ಪತ್ನಿ ರಾಹೇಲಳು ಎಫ್ರಾತದ ದಾರಿಯಲ್ಲಿ ಹೆರಿಗೆಯಾಗಿ ಪ್ರಾಣಬಿಡುವಾಗ ಮಗುವನ್ನು ‘ಬೆನೋನಿ’ ಎಂದು ಕರೆಯುತ್ತಾಳೆ. ತಂದೆ ಅದನ್ನು ‘ಬೆನ್ಯಾಮೀನ’ ಎಂದು ಬದಲಿಸುತ್ತಾನೆ. ‘ಬೆನ್’ ಎಂದರೆ ಮಗ. ‘ಓನಿ’ ಎಂಬುದನ್ನು ‘ನನ್ನ ದುಃಖ’ ಎಂದು ಅರ್ಥೈಸುವುದು ವಾಡಿಕೆ. ಆದರೆ ಅದೇ ಗ್ರಂಥದ 49ನೆಯ ಅಧ್ಯಾಯದಲ್ಲಿ, ಚೊಚ್ಚಲ ಮಗ ರೂಬೇನನನ್ನು ಕುರಿತ ಮಾತಿನಲ್ಲಿ, ಇದೇ ರೂಪಕ್ಕೆ ‘ನನ್ನ ಶಕ್ತಿ’ ಎಂಬ ಅರ್ಥವಿದೆ. ಹೀಗಾಗಿ ತಾಯಿಯ ಕೊನೆಯ ಮಾತು ಕೇವಲ ಶೋಕವೆಂದು ಖಚಿತವಾಗಿ ಹೇಳಲಾಗದು.

‘ಯಾಮೀನ್’ ಎಂದರೆ ಬಲಗೈ. ಬಲ, ಗೌರವಗಳ ಸಂಕೇತ. ಸೂರ್ಯೋದಯಕ್ಕೆ ಮುಖಮಾಡಿ ನಿಂತವನ ಬಲಕ್ಕೆ ತೆಂಕಣ ದಿಕ್ಕು ಬರುವುದರಿಂದ ಅದಕ್ಕೆ ದಕ್ಷಿಣವೆಂಬ ಅರ್ಥವೂ ಉಂಟು. ಸಂಸ್ಕೃತದ ‘ದಕ್ಷಿಣ’ ಶಬ್ದಕ್ಕೂ ಇವೇ ಎರಡು ಅರ್ಥಗಳಿವೆ. ‘ದಕ್ಖನ್’ ಎಂಬ ಹೆಸರು ಬಂದುದು ಅದರಿಂದಲೇ. ಎರಡು ಭಾಷೆಗಳಿಗೆ ಕುಲಸಂಬಂಧವಿಲ್ಲ. ದಿಕ್ಕನ್ನು ಗುರುತಿಸಿದ ಕ್ರಮ ಮಾತ್ರ ಒಂದೇ. ಕನ್ನಡವಾದರೋ ಮೂಡಣ, ಪಡುವಣಗಳನ್ನು ಸೂರ್ಯನ ಮೂಡುವ, ಪಡುವ ಕ್ರಿಯೆಗಳಿಂದಲೇ ಹೆಸರಿಸಿತು.

ಆದುದರಿಂದ ‘ಬಲಗೈಯ ಮಗ’, ‘ದಕ್ಷಿಣದ ಮಗ’ ಎಂಬ ಎರಡು ಅರ್ಥಗಳೂ ಸಾಧ್ಯ. ಯಾಕೋಬನ ಇತರ ಮಕ್ಕಳು ಉತ್ತರದ ಅರಾಮ್ ಸೀಮೆಯಲ್ಲಿ ಹುಟ್ಟಿದರೆ ಈತನೊಬ್ಬನೇ ಕಾನಾನಿನಲ್ಲಿ ಹುಟ್ಟಿದವನೆಂದು 11ನೆಯ ಶತಮಾನದ ವ್ಯಾಖ್ಯಾನಕಾರ ರಾಶಿ ಎರಡನೆಯದನ್ನು ಸಮರ್ಥಿಸಿದನು. ಬೆನ್ಯಾಮೀನ ಕುಲದ ನೆಲೆಯೂ ಎಫ್ರಾಯೀಮರ ನೆಲೆಗೆ ದಕ್ಷಿಣದಲ್ಲಿತ್ತು. ಯೂಫ್ರೆಟಿಸ್ ತೀರದ ಮಾರಿ ನಗರದಲ್ಲಿ ದೊರೆತ ಕ್ರಿ.ಪೂ. 18ನೆಯ ಶತಮಾನದ ಮಣ್ಣಿನ ಹಲಗೆಗಳಲ್ಲಿಯೂ ‘ಬಲದ ಮಕ್ಕಳು’, ‘ಎಡದ ಮಕ್ಕಳು’ ಎಂಬ ಪಂಗಡಗಳು ಕಾಣುತ್ತವೆ. ಆದರೆ ಹೆಸರಿನ ಸಾಮ್ಯವೊಂದರಿಂದ ವಂಶಸಂಬಂಧ ಸಿದ್ಧವಾಗದು. ಸಮಾರಿಯರ ಪಾಠದಲ್ಲಿ ‘ಬಿನ್ಯಾಮೀಮ್’, ಅಂದರೆ ‘ದಿನಗಳ ಮಗ’, ಎಂಬ ರೂಪವಿದೆ; ತಂದೆಯ ಮುಪ್ಪಿನಲ್ಲಿ ಜನಿಸಿದವನೆಂಬ ಭಾವ ಅದಕ್ಕೆ ಹೊಂದುತ್ತದೆ.

ಈ ಹೆಸರಿನ ಶ್ಲೇಷೆಯನ್ನು ಹೀಬ್ರೂ ಕಥೆಗಾರರೂ ಬಲ್ಲರು. ನ್ಯಾಯಸ್ಥಾಪಕರ ಗ್ರಂಥದಲ್ಲಿ ಬರುವ ಬೆನ್ಯಾಮೀನ ಕುಲದ ವೀರ ಏಹೂದನು ಎಡಚನು.

ಒಟ್ಟಿನಲ್ಲಿ, ಕುಲದ ನೆಲೆಯನ್ನು ಸೂಚಿಸುವ ಹೆಸರು ಮೊದಲಿದ್ದು, ಜನನದ ಕಥೆ ಅದಕ್ಕೆ ಅನಂತರ ಹೊಂದಿಕೊಂಡಿರುವ ಸಂಭವವೇ ಹೆಚ್ಚು. ಇದರಿಂದ ಕಥೆಯ ಬೆಲೆ ಕುಂದುವುದಿಲ್ಲ. ನಿಷ್ಪತ್ತಿಯು ಪದದ ಮೂಲವನ್ನು ತಿಳಿಸಿದರೆ, ಆ ಪದದಲ್ಲಿ ಒಂದು ಜನಾಂಗ ಯಾವ ದುಃಖವನ್ನೂ ಭರವಸೆಯನ್ನೂ ಕಂಡಿತೆಂಬುದನ್ನು ಕಥೆ ತಿಳಿಸುತ್ತದೆ. ನಾಮಾಧ್ಯಯನಕ್ಕೆ ಎರಡೂ ಆಕರಗಳೇ.